ನಮ್ಮ ಅಡ್ಡರಸ್ತೆಯ ನಡುವೆ ನೀವು ಎಳೆದ ಗೆರೆ

ವಾರ್ಡ್ ಪುನರ್ವಿಂಗಡಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ರಸ್ತೆಯ ಪಶ್ಚಿಮ ಬದಿಯ ಮನೆಗಳನ್ನು ಒಂದು ವಾರ್ಡಿಗೂ ಪೂರ್ವ ಬದಿಯ ಮನೆಗಳನ್ನು ಇನ್ನೊಂದು ವಾರ್ಡಿಗೂ ಸೇರಿಸಿ ನೀವು ಆದೇಶ ಹೊರಡಿಸಿದ್ದೀರಿ. ಗಡಿ ಎಲ್ಲಿದೆ ಎಂದರೆ, ನಿಮ್ಮ ಆದೇಶದ ಮಾತಿನಲ್ಲೇ ಹೇಳುವುದಾದರೆ, 'ಏಳನೇ ಅಡ್ಡರಸ್ತೆಯ ಮಧ್ಯರೇಖೆಯ ಗುಂಟ'. ಹೀಗೆ ಸೀಳಿಹೋದ ರಸ್ತೆ ಈ ಊರಿನಲ್ಲಿ ನಮ್ಮದೊಂದೇ ಇರಲಿಕ್ಕಿಲ್ಲ. ಆದರೆ ನಮ್ಮ ರಸ್ತೆಯನ್ನು ಸೀಳಲು ನೀವು ಬಳಸಿದ್ದು ನಾನು ಕೈಯಾರೆ ಬರೆದುಕೊಟ್ಟ ನಕ್ಷೆಯನ್ನು. ಅದನ್ನು ನನ್ನಿಂದ ಕೇಳಿ ಪಡೆದದ್ದು, ರಸ್ತೆಯನ್ನು ಒಡೆಯುವುದಿಲ್ಲವೆಂದು ಮಾತು ಕೊಟ್ಟು. ನನ್ನ ದೂರು ಇಷ್ಟೇ. ಉಳಿದದ್ದು ಅದರ ವಿವರ. ವಿವರಗಳೆಂದರೆ ನಿಮಗೆ ಬಹಳ ಇಷ್ಟವೆಂದು ನನಗೆ ಗೊತ್ತಿದೆ.

ನಾನು ರಾಜಾಜಿನಗರದ ಒಂದು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಕುರುಬರಹಳ್ಳಿಗೂ ಬಸವೇಶ್ವರನಗರಕ್ಕೂ ನಡುವೆ ಇರುವ ಈ ಮೂವತ್ತಡಿ ರಸ್ತೆಯಲ್ಲಿ ಅಷ್ಟೇ ಕಾಲದಿಂದ ಇದ್ದೇನೆ. ನಮ್ಮ ಪಶ್ಚಿಮ ಬದಿಯಲ್ಲಿ ಸೈಟು ಕೊಂಡು ಮನೆ ಕಟ್ಟಿದವರು: ಮೇಷ್ಟ್ರುಗಳು, ಬ್ಯಾಂಕಿನವರು, ಕಚೇರಿ ಗುಮಾಸ್ತರು. ಪೂರ್ವ ಬದಿಯಲ್ಲಿ ಲೇಔಟ್ ಬರುವುದಕ್ಕೂ ಮೊದಲಿನ ವಠಾರಗಳು. ಎರಡು ಬದಿಯವರೂ ಮೊದಮೊದಲು ಒಬ್ಬರನ್ನೊಬ್ಬರು ಅಷ್ಟಾಗಿ ಮಾತಾಡಿಸುತ್ತಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ವಠಾರಗಳಿಗೆ ನೀರಿನ ಪೈಪು ಬಾರದೆ ಇದ್ದಾಗ ಎರಡೂ ಬದಿಯವರು ಕೊಡಗಳನ್ನಿಟ್ಟುಕೊಂಡು ಒಟ್ಟಿಗೆ ರಸ್ತೆಯಲ್ಲಿ ಕೂತೆವು. ಮೂರನೇ ದಿನಕ್ಕೆ ಪೈಪು ಬಂತು. ಅಂದಿನಿಂದ ನಮ್ಮದು ಒಂದು ರಸ್ತೆಯಾಯಿತು.

ನೀವು ನಮ್ಮ ಮನೆಗೆ ಬಂದದ್ದು ಹೋದ ವರ್ಷ, ಶಿವರಾತ್ರಿ ಕಳೆದ ವಾರ. ಯಾರೋ ನನ್ನ ಹೆಸರು ಹೇಳಿದ್ದರಂತೆ. ಕಾಫಿ ಕುಡಿದಿರಿ, ಕೋಡುಬಳೆ ಚೆನ್ನಾಗಿದೆ ಎಂದಿರಿ, ಆಮೇಲೆ ಹೇಳಿದಿರಿ: "ಮೇಡಂ, ಕಂಪ್ಯೂಟರ್ ಮುಂದೆ ಕೂತು ಗೆರೆ ಎಳೆದರೆ ನಮಗೆ ಬರೀ ಮನೆ ಕಾಣುತ್ತೆ, ಜನ ಕಾಣಲ್ಲ. ನೀವು ಈ ಏರಿಯಾದೋರು. ಯಾರ್ಯಾರು ಯಾವುದಕ್ಕೆ ಎಲ್ಲಿಗೆ ಹೋಗ್ತಾರೆ ಅಂತ ಒಂದು ನಕ್ಷೆ ಮಾಡಿಕೊಡಿ."

"ನಮ್ಮ ರಸ್ತೆ ಒಡೆಯಲ್ಲ ತಾನೇ?" ಎಂದು ಕೇಳಿದೆ.

"ಅದನ್ನ ಉಳಿಸೋಕ್ಕೇ ಅಲ್ವಾ ಮೇಡಂ ನಾನು ನಿಮ್ಮ ಮನೇಗೆ ಬಂದಿರೋದು?" ಎಂದಿರಿ.

ನೆನಪಿದೆಯೇ? ನನಗೆ ಒಂದಕ್ಷರ ಮರೆತಿಲ್ಲ. ಅಷ್ಟು ವರ್ಷ ಮಕ್ಕಳಿಂದ ಜಿಲ್ಲೆ, ತಾಲ್ಲೂಕುಗಳಿಗೆ ಬಣ್ಣ ತುಂಬಿಸಿದ ನನ್ನನ್ನು, ಸರ್ಕಾರವೇ ಬಾಗಿಲಿಗೆ ಬಂದು ನಕ್ಷೆ ಕೇಳಿತಲ್ಲ! ನಾನು ಉಬ್ಬಿಹೋದೆ. ಮಾರನೆಯ ದಿನವೇ ಡ್ರಾಯಿಂಗ್ ಶೀಟು, ಬಣ್ಣದ ಪೆನ್ಸಿಲ್ ತಂದುಕೊಂಡೆ.

ಪಶ್ಚಿಮ ಬದಿಯ ಕೆಲಸ ಎರಡು ದಿನಕ್ಕೆ ಮುಗಿಯಿತು. ವಠಾರಗಳಲ್ಲಿ ಯಾರೂ ಬಾಗಿಲು ತೆರೆಯಲಿಲ್ಲ. ಕೈಯಲ್ಲಿ ಪಟ್ಟಿ ಹಿಡಿದು ಬಂದವರಿಂದ ಅವರಿಗೆ ಇದುವರೆಗೆ ಒಳ್ಳೆಯದಾದದ್ದು ಕಡಿಮೆ. ನನಗೆ ದಾರಿ ಮಾಡಿಕೊಟ್ಟವರು ಎದುರು ಸಾಲಿನ ಶಾಂತವ್ವ. ಹಾವೇರಿ ಕಡೆಯವರು, ಗಂಡ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಾಗ ಬಂದವರು, ಈಗ ಅರ್ಧ ಬಸವೇಶ್ವರನಗರಕ್ಕೆ ಜೋಳದ ರೊಟ್ಟಿ ಮಾಡಿಕೊಡುತ್ತಾರೆ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಕಳೆದರೂ ಅವರ ಮಾತಿಗೆ ಇಲ್ಲಿನ ಗಾಳಿ ತಾಗಿಲ್ಲ.

"ನೀವೊಬ್ರ ಹ್ವಾದ್ರ ಯಾರೂ ಬಾಗಲಾ ತಗ್ಯಾಂಗಿಲ್ಲ ಟೀಚರ್. ತಡೀರಿ, ನಾನೂ ಬರ್ತೀನಿ," ಎಂದು ಹಿಟ್ಟಿನ ಕೈ ತೊಳೆದುಕೊಂಡು ಹೊರಟರು. ಒಂಬತ್ತು ದಿನ ನನ್ನ ಜೊತೆ ಬಂದರು. ಪ್ರತಿ ಮನೆಯ ಮುಂದೆಯೂ ಅವರದು ಒಂದೇ ಮಾತು: "ನಮ್ಮ ಟೀಚರ್ ಅದಾರ, ಹೆದರಬ್ಯಾಡ್ರಿ. ನಮ್ಮನ್ನ ಒಂದ ಕಡೆ ಇಡಸಾಕ ಓಡ್ಯಾಡಾಕತ್ತಾರ." ಆ ಮಾತಿನ ಮೇಲೆ ಜನ ನನ್ನನ್ನು ಒಳಗೆ ಕರೆದರು, ಕೇಳಿದ್ದನ್ನೆಲ್ಲ ಹೇಳಿದರು.

ಇನ್ನೂರ ಹದಿನಾಲ್ಕು ಮನೆಗಳ ಆ ನಕ್ಷೆಯನ್ನು ನಿಮ್ಮ ಕಚೇರಿಗೆ ತಂದುಕೊಟ್ಟ ದಿನ ನೀವು ಬಾಗಿಲು ಹಾಕಿಸಿ, ಒಂದು ಗಂಟೆ ಕೂರಿಸಿಕೊಂಡು ಮಾತಾಡಿದಿರಿ. ನಾನು ತೋರಿಸಲು ಬಯಸಿದ್ದು ಬೇರೆ. ಅಂಗನವಾಡಿ ಪೂರ್ವಕ್ಕಿದೆ, ನಮ್ಮ ಬದಿಯ ಮಕ್ಕಳೂ ಅಲ್ಲಿಗೇ ಹೋಗುತ್ತಾರೆ. ಆರೋಗ್ಯ ಕೇಂದ್ರ ಪಶ್ಚಿಮಕ್ಕಿದೆ, ವಠಾರದ ಬಸುರಿಯರು ಇಲ್ಲಿಗೇ ಬರುತ್ತಾರೆ. ಈ ಎರಡು ಬದಿಗಳನ್ನು ಬಿಡಿಸಲಾಗದು ಎಂದು ಹೇಳಲು ಹೊರಟಿದ್ದೆ. ನೀವು ಕೇಳಿದ್ದು ಬೇರೆ. ಇವರಲ್ಲಿ ಬಾಡಿಗೆಯವರೆಷ್ಟು? ಯಾವ ಕಡೆಯಿಂದ ಬಂದವರು? ವೋಟು ಇಲ್ಲೇ ಇದೆಯಾ? ಅಂದು ನೀರಿಗಾಗಿ ಕೂತಾಗ ಜನರನ್ನು ಸೇರಿಸಿದವರು ಯಾರು? ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ಪಾಠ ಒಪ್ಪಿಸುವ ಹುಡುಗಿಯ ಹಾಗೆ, ಕೇಳದ್ದನ್ನೂ ಸೇರಿಸಿ ಹೇಳಿದೆ. ಈ ಪತ್ರದಲ್ಲಿ ಬರೆಯಲು ನನಗೆ ಅತ್ಯಂತ ಕಷ್ಟವಾದ ಸಾಲು ಇದು.

ಕರಡು ಆದೇಶ ಪ್ರಕಟವಾದಾಗ ವಾರ್ಡಿನ ಗಡಿ ರಸ್ತೆಯ ಮಧ್ಯರೇಖೆ ಹಿಡಿದು ನಮ್ಮ ಮನೆಯ ಮುಂದೆಯೇ ಹಾದುಹೋಗಿತ್ತು. ಅದರ ಅನುಬಂಧದಲ್ಲಿ ಒಂದು ವಾಕ್ಯವಿತ್ತು: 'ಸದರಿ ಗಡಿಯನ್ನು ಸ್ಥಳೀಯ ನಿವಾಸಿಗಳು ಒದಗಿಸಿದ ನಕ್ಷೆಯನ್ನಾಧರಿಸಿ ನಿಗದಿಪಡಿಸಲಾಗಿದೆ.' ಎಂಥ ಮರ್ಯಾದಸ್ಥ ವಾಕ್ಯ! ಅದರಲ್ಲಿ ನೀವೆಲ್ಲೂ ಇಲ್ಲ. ಗೆರೆ ಎಳೆದವರು ನಾವೇ, ನೀವು ನಮ್ಮ ಇಷ್ಟವನ್ನು ನಡೆಸಿಕೊಟ್ಟ ಸೇವಕರು.

ಅದನ್ನು ವಠಾರದ ಯಾರೋ ಫೋನಿನಲ್ಲಿ ನೋಡಿ ಎಲ್ಲರಿಗೂ ಓದಿ ಹೇಳಿದ್ದಾರೆ. ಸಂಜೆ ನಾನು ಆಕ್ಷೇಪಣೆ ಅರ್ಜಿಗೆ ಸಹಿ ಕೇಳಲು ಹೋದಾಗ ಶಾಂತವ್ವ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬನ್ನಿ ಎನ್ನಲಿಲ್ಲ.

"ನೀವ ಗೆರಿ ಹಾಕಿಕೊಟ್ರಂತಲ್ಲ ಟೀಚರ್?"

"ನಾನಲ್ಲ ಶಾಂತವ್ವ, ನನಗೂ ಮೋಸ ಆಗಿದೆ..."

"ಒಂಬತ್ತ ದಿನ ಮನಿಮನಿಗೆ ಕರ್ಕೊಂಡು ಹ್ವಾದಾಕಿ ನಾನು. ಈಗ ಎಲ್ಲಾರೂ ನನ್ನ ಮಾರಿ ನೋಡಾಕತ್ತಾರ. ಅವರಿಗೆ ಏನಂತ ಹೇಳಲಿ?"

ಅವರು ಬಾಗಿಲು ಮುಂದೆ ಮಾಡಿಕೊಂಡರು. ಆ ಸಾಲಿನ ಒಂದು ಮನೆಯವರೂ ಸಹಿ ಹಾಕಲಿಲ್ಲ. ನನ್ನ ಅರ್ಜಿಯಲ್ಲಿ ಉಳಿದದ್ದು ನಮ್ಮ ಬದಿಯ ಸಹಿಗಳು ಮಾತ್ರ.

ವಿಚಾರಣೆಯ ದಿನ ನೀವು ತಲೆ ಎತ್ತದೆ ನನ್ನ ಹೆಸರೇನೆಂದು ಕೇಳಿದಿರಿ. ನಾನು ಹೇಳಿದೆ. "ಮೂರು ನಿಮಿಷ," ಎಂದಿರಿ. ನಾನು ನಿಂತುಕೊಂಡು, ನೀವು ನಮ್ಮ ಮನೆಗೆ ಬಂದಿದ್ದಿರಿ, ಹೀಗೆಂದು ಹೇಳಿದ್ದಿರಿ ಎಂದು ಶುರುಮಾಡಿದರೆ, "ಮೇಡಂ, ಅರ್ಜಿಯಲ್ಲಿ ಇರೋದನ್ನ ಮಾತ್ರ ಹೇಳಿ," ಎಂದು ತಡೆದಿರಿ. ಆಮೇಲೆ ಸಹಿಗಳ ಪುಟ ತಿರುವಿ ಹಾಕಿ, "ಒಂದೇ ಬದಿಯವರು ಆಕ್ಷೇಪಿಸಿದ್ದಾರೆ. ಅಂದ್ರೆ ಇನ್ನೊಂದು ಬದಿಯವರಿಗೆ ಒಪ್ಪಿಗೆ ಇದೆ ಅಂತಾಯ್ತು. ಜನಸಂಖ್ಯೆ ಸರಿದೂಗಿಸಬೇಕಲ್ಲ, ಇದು ಬರೀ ಆಡಳಿತಾತ್ಮಕ ಗೆರೆ," ಎಂದಿರಿ. ಮಾನ್ಯರೇ, ಮೊದಲು ಇಬ್ಬರ ನಡುವೆ ಅಪನಂಬಿಕೆ ಹುಟ್ಟಿಸಿ, ಆಮೇಲೆ ಇವರಿಬ್ಬರೂ ಒಟ್ಟಿಗಿಲ್ಲವೆಂದು ದಾಖಲೆಯಲ್ಲಿ ಬರೆದುಕೊಳ್ಳುವುದನ್ನು ಯಾವ ತರಬೇತಿಯಲ್ಲಿ ಕಲಿಸುತ್ತಾರೆ? ನನ್ನ ಪಠ್ಯಪುಸ್ತಕಗಳಲ್ಲಿ ಅದು ಇರಲಿಲ್ಲ.

ಹೊರಗೆ ಮೆಟ್ಟಿಲಿಳಿಯುವಾಗ ಒಳಗಿನ ಸಂಗತಿ ಬಲ್ಲ ಒಬ್ಬರು ನನ್ನ ಪಕ್ಕ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಮೇಡಂ, ಮೊದಲು ಗೆರೆ ಆಚೆ ದೊಡ್ಡ ಮೋರಿ ಮೇಲೇ ಇತ್ತು. ನಿಮ್ಮ ನಕ್ಷೆ ಬಂದ್ಮೇಲೆ ಈಚೆಗೆ ಬಂತು." ಅವರು ಯಾರೆಂದು ಹುಡುಕಲು ಹೋಗಬೇಡಿ, ಈ ಪತ್ರದ ಒಂದೊಂದು ಮಾತಿಗೂ ಹೊಣೆ ನಾನೇ. ದೊಡ್ಡ ಮೋರಿ ವಠಾರಗಳ ಹಿಂದೆ, ರಸ್ತೆಯಿಂದ ಇನ್ನೂರು ಗಜ ದೂರದಲ್ಲಿದೆ. ಅಂದರೆ ನಾನು ಸುಮ್ಮನೆ ಮನೆಯಲ್ಲಿ ಕೂತಿದ್ದರೆ ನಮ್ಮ ರಸ್ತೆ ಒಂದಾಗಿಯೇ ಉಳಿಯುತ್ತಿತ್ತು. ಆ ದಿನ ಮನೆಗೆ ಬಂದು ನಾನು ಊಟ ಮಾಡಲಿಲ್ಲ.

'ಬರೀ ಆಡಳಿತಾತ್ಮಕ ಗೆರೆ' ಏನು ಮಾಡಿತೆಂದು ಈಗ ಕೇಳಿ. ಅಂತಿಮ ಆದೇಶ ಬಂದು ಎರಡು ತಿಂಗಳಾಗಿತ್ತು. ನಮ್ಮ ರಸ್ತೆಗೆ ಅಡ್ಡಲಾಗಿ ಹಾಯುವ ಸಣ್ಣ ಮೋರಿಯ ಚಪ್ಪಡಿ, ನಟ್ಟನಡುವೆ, ನೀರಿನ ಲಾರಿಯ ಭಾರಕ್ಕೆ ಮುರಿಯಿತು. ನಮ್ಮ ವಾರ್ಡಿನ ಎಂಜಿನಿಯರ್ ಬಂದು, ಒಡೆದ ತುಂಡು ಆ ಕಡೆ ಜಾಸ್ತಿ ಇದೆ ಎಂದರು. ಆ ವಾರ್ಡಿನವರು ಬಂದು ಟೇಪು ಹಿಡಿದು ಅಳೆದು, ಈ ಕಡೆ ಜಾಸ್ತಿ ಇದೆ ಎಂದರು. ಇಬ್ಬರೂ ಫೋಟೋ ತೆಗೆದುಕೊಂಡು ಹೋದರು. ಯಾರೂ ಬೀಳದಿರಲೆಂದು ನಾವು ಗುಂಡಿಗೆ ಅಡ್ಡವಾಗಿ ಒಂದು ಮುರಿದ ಪ್ಲಾಸ್ಟಿಕ್ ಕುರ್ಚಿ ಇಟ್ಟೆವು. ಆರು ದಿನ ಕಳೆಯಿತು.

ಏಳನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅಮೀನಪ್ಪ ಅದರೊಳಗೆ ಬಿದ್ದರು. ಅವರಿಗೆ ಅರವತ್ತೆಂಟು ವರ್ಷ. ಮನೆ ವಠಾರದಲ್ಲಿ, ಇಸ್ತ್ರಿ ಗಾಡಿ ನಮ್ಮ ಬದಿಯ ಹೊಂಗೆ ಮರದ ಕೆಳಗೆ. ಎದೆಯೆತ್ತರ ಬಟ್ಟೆಯ ಗಂಟು ಅಪ್ಪಿ ಹಿಡಿದು ರಸ್ತೆ ದಾಟುತ್ತಿದ್ದರು. ಕುರ್ಚಿಯನ್ನು ಯಾವುದೋ ಆಟೋ ಪಕ್ಕಕ್ಕೆ ತಳ್ಳಿತ್ತು. ಕೂಗು ಕೇಳಿ ನಾನು ಓಡಿ ಹೋಗುವಷ್ಟರಲ್ಲಿ ಎದುರಿನಿಂದ ಶಾಂತವ್ವ ಓಡಿ ಬಂದಿದ್ದರು. ಇಬ್ಬರೂ ಮೋರಿಗೆ ಇಳಿದು ಅವರ ತಲೆಯನ್ನು ಎತ್ತಿ ಹಿಡಿದೆವು. "ಬಟ್ಟೆ ನೋಡಮ್ಮ, ಬಟ್ಟೆ ಕೊಳೆ ಆಯ್ತು," ಎನ್ನುತ್ತಿದ್ದರು ಅಮೀನಪ್ಪ. ಸೊಂಟದ ಮೂಳೆ ಮುರಿದಿತ್ತು. ಈಗ ಕೋಲು ಹಿಡಿದು ಮನೆಯೊಳಗೆ ನಾಲ್ಕು ಹೆಜ್ಜೆ ಇಡುತ್ತಾರೆ. ಗಾಡಿಯ ಹತ್ತಿರ ನಿಲ್ಲಲು ಇನ್ನೂ ಆಗಿಲ್ಲ. ಆಗುವುದೂ ಅನುಮಾನವೆಂದು ಡಾಕ್ಟರು ಹೇಳಿದ್ದಾರೆ.

ಆ ಸಂಜೆಯೇ ಎರಡೂ ಬದಿಯವರು ಸೇರಿ ಹೊಸ ಚಪ್ಪಡಿ ತಂದು ಹಾಕಿದರು. ನಾಲ್ಕು ದಿನದಲ್ಲಿ ಎರಡು ವಾರ್ಡ್ ಕಚೇರಿಗಳಿಂದಲೂ ನೋಟಿಸು ಬಂತು: ಅನುಮತಿಯಿಲ್ಲದೆ ರಸ್ತೆ ಕಾಮಗಾರಿ ನಡೆಸಿದ್ದಕ್ಕೆ ಕಾರಣ ಕೇಳಿ. ಗುಂಡಿ ಯಾರದೆಂದು ಆರು ದಿನ ತೀರ್ಮಾನವಾಗಿರಲಿಲ್ಲ. ಚಪ್ಪಡಿ ಮಾತ್ರ ತಮ್ಮದೇ ಎಂದು ಇಬ್ಬರಿಗೂ ಖಚಿತವಿತ್ತು!

ಅಮೀನಪ್ಪನವರನ್ನು ಆಸ್ಪತ್ರೆಗೆ ಸೇರಿಸಿ ಬಂದ ಮರುದಿನ ನಾನು ಶಾಂತವ್ವನ ಮನೆಗೆ ಹೋದೆ. ಅವರು ರೊಟ್ಟಿ ಬಡಿಯುತ್ತಿದ್ದರು. ಹೊಸ್ತಿಲಲ್ಲೇ ಕೂತು, ನಿಮ್ಮ ಕಚೇರಿಯಲ್ಲಿ ಆ ಒಂದು ಗಂಟೆ ನಾನು ಏನೇನು ಹೇಳಿದೆ ಎನ್ನುವುದನ್ನು ಹೇಳಿದೆ.

"ಬಾಡಿಗೆಯೋರು ಯಾರು, ಯಾರ ಮಾತು ನಡೆಯುತ್ತೆ, ಎಲ್ಲ ಹೇಳಿಬಿಟ್ಟೆ ಶಾಂತವ್ವ. ಅವರು ಕೇಳ್ತಾ ಇದ್ರು, ನಾನು ಹೇಳ್ತಾ ಹೋದೆ. ನನ್ನನ್ನ ಕೇಳ್ತಿದಾರಲ್ಲ ಅಂತ ಹೆಮ್ಮೆ ಆಗಿತ್ತು."

ಅವರ ಕೈ ನಿಲ್ಲಲಿಲ್ಲ. "ನನ್ನ ಹೆಸರೂ ಹೇಳಿದ್ರೇನು?"

"ಹೇಳ್ದೆ."

"ಏನಂತ?"

"ಶಾಂತವ್ವ ಕರೆದ್ರೆ ಇಡೀ ವಠಾರ ಬರುತ್ತೆ ಅಂತ."

ಆಗ ಕೈ ನಿಂತಿತು. "ಅದಕ್ಕ ನನ್ನ ಆ ವಾರ್ಡಿಗೆ ಒಗದಾರ, ನಾವೆಲ್ಲಾ ಒಂದ ಕಡೆ ಕೂಡಬಾರ್ದಂತ," ಎಂದರು. ಒಲೆಯ ಮೇಲಿನ ರೊಟ್ಟಿ ಹೊತ್ತಿತು. ತೆಗೆದು ಪಕ್ಕಕ್ಕೆ ಹಾಕಿದರು. ನನ್ನ ಕಡೆ ನೋಡದೆ ಹೇಳಿದರು: "ಆವತ್ತ ಬಾಗಲದಾಗ ನಿಂತಾಗ ಇದನ್ನ ಹೇಳಬೇಕಿತ್ತು. ಮೋಸ ಆಗೇತಿ ಅಂತ ಅಂದ್ರಿ, ನಿಮ್ಮ ಪಾಲಿಂದು ಹೇಳಲಿಲ್ಲ. ಈಗ ನನಗೊಬ್ಬಾಕಿಗೆ ಹೇಳಿದ್ರ ಏನು ಬಂತು? ನಾವು ಹ್ವಾದ ಎಲ್ಲಾ ಮನಿಯವರಿಗೂ ಗೊತ್ತಾಗಲಿ. ಪೇಪರಿನ್ಯಾಗ ಬರೀರಿ."

ಆದ್ದರಿಂದ ಇದು ಬಹಿರಂಗ ಪತ್ರ. ಲಕೋಟೆಯಲ್ಲಿ ಹಾಕಿ ಕಳಿಸಿದ್ದ ನನ್ನ ಮೂರು ಪತ್ರಗಳಿಗೆ ನೀವು ಉತ್ತರ ಕೊಟ್ಟಿಲ್ಲ. ಇದಕ್ಕೆ ಕೊಡದಿದ್ದರೂ ಓದುವವರು ಬೇರೆ ಇದ್ದಾರೆ. ಶಾಂತವ್ವ ನನ್ನನ್ನು ಪೂರ್ತಿ ಕ್ಷಮಿಸಿದ್ದಾರೆಂದು ಹೇಳಲಾರೆ. ಹೊಸ ಅರ್ಜಿಗೆ ಮೊದಲ ಸಹಿ ಅವರದು. ಅದರ ಕೆಳಗೆ ಎರಡೂ ಬದಿಯ ಇನ್ನೂರ ಆರು ಮನೆಗಳವು ಇವೆ. ಈಗ ಯಾವ ಬದಿಗೆ ಒಪ್ಪಿಗೆ ಇದೆಯೆಂದು ಬರೆದುಕೊಳ್ಳುತ್ತೀರಿ?

ಗಡಿಯನ್ನು ಅದು ಮೊದಲಿದ್ದ ದೊಡ್ಡ ಮೋರಿಗೇ ಹಿಂದೆ ಸರಿಸಿ. 'ಸ್ಥಳೀಯ ನಿವಾಸಿಗಳು' ಎಂಬ ಆ ವಾಕ್ಯವನ್ನು ಆದೇಶದಿಂದ ಹೊಡೆದುಹಾಕಿ, ಹೊಡೆದುಹಾಕಿದ್ದೇಕೆಂದು ಕಾರಣ ಬರೆಯಿರಿ. ಗಡಿ ಸರಿಯುವವರೆಗೆ ಈ ರಸ್ತೆಯ ಮೋರಿ, ದೀಪ, ಕಸಕ್ಕೆಲ್ಲ ಒಬ್ಬನೇ ಒಬ್ಬ ಎಂಜಿನಿಯರನ್ನು ಹೊಣೆ ಮಾಡಿ. ಮತ್ತು ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ರಸ್ತೆಗೆ ಬನ್ನಿ. ಅಮೀನಪ್ಪನವರನ್ನು ಕುರ್ಚಿಯಲ್ಲಿ ಕೂರಿಸಿ ಹೊರಗೆ ಕರೆತರುತ್ತೇವೆ. ವಠಾರದವರು, ನಮ್ಮ ಬದಿಯವರು ಎಲ್ಲ ಇರುತ್ತಾರೆ. ನನ್ನ ತಪ್ಪು ಏನೆಂದು ನಾನು ಅವರೆದುರು ನಿಂತು ಹೇಳುವವಳಿದ್ದೇನೆ. ನಿಮ್ಮದನ್ನೂ ಸೇರಿಸಿ ನಾನೇ ಹೇಳಿಬಿಡಬಹುದು. ಆದರೆ ಈಗಾಗಲೇ ಒಮ್ಮೆ ನಿಮ್ಮ ಕೆಲಸವನ್ನು ನನ್ನ ಹೆಸರಿಗೆ ಬರೆದಿದ್ದೀರಿ, ಇನ್ನೊಮ್ಮೆ ಅದಕ್ಕೆ ನಾನು ಒಪ್ಪುವುದಿಲ್ಲ. ಅದನ್ನು ಹೇಳಲು ನೀವೇ ಬರಬೇಕು.

ಇಂತಿ,
ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದೇ ಒಳ್ಳೆಯ ನಾಗರಿಕರ ಲಕ್ಷಣವೆಂದು ಮೂವತ್ತೊಂದು ವರ್ಷ ಮಕ್ಕಳಿಗೆ ಕಲಿಸಿದ,
ತುಂಗಾ
ಏಳನೇ ಅಡ್ಡರಸ್ತೆ, ಎರಡೂ ಬದಿಯವರ ಪರವಾಗಿ