ಎರಡು ಕಿಲೋಮೀಟರ್ ಮೇಲೆ

ಆಮೆ,

ಇದನ್ನು ಅಂಚೆಗೆ ಹಾಕುವುದಿಲ್ಲ, ಹಾಗಾಗಿ ಹೇಳಿಬಿಡುತ್ತೇನೆ. ನಿನಗೆ ಈ ಹೆಸರಿಟ್ಟವಳು ನಾನೇ. “ಅವನನ್ನ ಇಟ್ಕೊಂಡ್ರೆ ಕೆಲಸ ಸಾಗಲ್ಲ ಸರ್” ಎಂದು ಮುಖ್ಯಸ್ಥರ ಕಿವಿಗೆ ಹಾಕಿದವಳೂ ನಾನೇ.

ನಮ್ಮ ಬಾಹ್ಯಾಕಾಶ ನೌಕೆ ಗ್ರಹದ ಕಕ್ಷೆ ಸೇರಿದೆ. ಪ್ರತಿ ಸುತ್ತಿಗೂ ಅಲ್ಲಿನ ಗಾಳಿಯ ಅಂಚಿಗೆ ಇಳಿದು, ಆ ತಡೆಗೆ ಸ್ವಲ್ಪ ಸ್ವಲ್ಪವೇ ವೇಗ ಕಳೆದುಕೊಳ್ಳುತ್ತಿದೆ. ಕಕ್ಷೆ ಬೇಗ ಕಿರಿದಾಗಲಿ ಎಂದು ನಾನು ಇನ್ನಷ್ಟು ಕೆಳಗೆ ಇಳಿಸಿದ್ದೆ. ಇಂದು ಬೆಳಿಗ್ಗೆ ಸೌರಫಲಕದ ಬಿಸಿ ಮಿತಿ ದಾಟಿತು. ಫಲಕ ಕಿತ್ತುಹೋದರೆ ಹತ್ತು ವರ್ಷದ ದುಡಿಮೆ ನೀರಲ್ಲಿ ಹೋಮ ಮಾಡಿದಂತೆಯೇ.

ತಂಡದಿಂದ ತೆಗೆದ ದಿನ ನೀನು ನನ್ನ ಮೇಜಿನ ಮೇಲಿಟ್ಟು ಹೋದ ನೋಟ್‌ಬುಕ್ಕನ್ನು ಎರಡು ವರ್ಷದ ಮೇಲೆ ಮೊದಲ ಸಲ ತೆರೆದೆ. ನಿನ್ನ ಪೆನ್ಸಿಲ್ ಅಕ್ಷರ: “ಅವಸರ ಮಾಡ್ಬೇಡ ತಾಯಿ. ಬಿಸಿ ಏರಿದ್ರೆ ಎರಡು ಕಿಲೋಮೀಟರ್ ಮೇಲೆತ್ತು, ಒಂದು ಸುತ್ತು ಕಾಯಿ.”

ಎತ್ತಿದೆ. ಕಾದೆ. ಬಿಸಿ ಇಳಿಯಿತು.

ಮುಖ್ಯಸ್ಥರು ಓಡಿ ಬಂದರು. “ಭಲೇ! ಯಾರಿಗಮ್ಮ ಹೊಳೆದಿದ್ದು ಇದು?”

ನೋಟ್‌ಬುಕ್ ಮೇಜಿನ ಮೇಲೆ ತೆರೆದೇ ಇತ್ತು.

“ನನಗೇ ಸರ್” ಎಂದೆ, ಮೊಣಕೈಯನ್ನು ನಿನ್ನ ಅಕ್ಷರಗಳ ಮೇಲಿಟ್ಟು.