ಬಂಬದ ಬಾಯಿಗೆ ಬಿಗಿದ ನಳ

ರಂಗಂಪೇಟ, ಸುರಪುರ
೧೪ ಡಿಸೆಂಬರ್ ೨೦೨೪, ಶನಿವಾರ

ರುಕ್ಸಾನಾಳ ಅಬ್ಬಾ ಅವರಿಗೆ,

ಸಲಾಮ್. ಜಾಹೀದ ಭಾಯಿಯ ಎದೆಯ ಹೊಲಿಗೆ ಒಣಗುತ್ತಿದೆಯೇ, ಗಂಜಿ ಕುಡಿಯುತ್ತಾರೆಯೇ, ಎದ್ದು ಓಡಾಡಿದರೇ, ಎಲ್ಲ ವಿವರವಾಗಿ ತಿಳಿಸಿ. ಅಣ್ಣನ ಹಾಸಿಗೆಯ ಪಕ್ಕ ಕುಳಿತ ಭರದಲ್ಲಿ ನಿಮ್ಮ ಸಕ್ಕರೆ ಕಾಯಿಲೆಯನ್ನು ಮರೆಯಬೇಡಿ. ಹೈದರಾಬಾದಿನ ಹೋಟೆಲಿನಲ್ಲಿ ಸಕ್ಕರೆ ಇಲ್ಲದ ಚಹಾ ಕೇಳಲು ನಾಚಿಕೆಯಾದರೆ ಚಹಾವನ್ನೇ ಬಿಡಿ. ಮಾತ್ರೆಗಳು ಚೀಲದ ಒಳಜೇಬಿನಲ್ಲಿವೆ. ಉಣ್ಣುವ ಮೊದಲು ನುಂಗುವಂಥವು, ಆಮೇಲಲ್ಲ. ಇಲ್ಲಿ ಚಳಿ ಜೋರಾಗಿದೆ. ನಿಮ್ಮ ಮೊಮ್ಮಗಳು ಫರ್ಹತ ಕೆನ್ನೆ ತುಂಬಿಕೊಳ್ಳುತ್ತಿದ್ದಾಳೆ. ನಿದ್ದೆಯಲ್ಲಿ ಅವಳು ಹುಬ್ಬು ಗಂಟಿಕ್ಕುವುದನ್ನು ನೋಡಿದರೆ, ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ನೀವು ಯಾರದೋ ಅರ್ಜಿ ಓದುತ್ತ ಕುಳಿತಂತೆಯೇ ಕಾಣುತ್ತದೆ.

ಫೋನಿರುವಾಗ ಕಾಗದವೇಕೆ ಎನ್ನುತ್ತೀರಿ. ನಿನ್ನೆ ಸಂಜೆ ಫೋನಿನಲ್ಲಿ ನಾನು ಹೇಳಹೊರಟಿದ್ದನ್ನು ಅರ್ಧಕ್ಕೆ ತಡೆದು, ಏನೂ ಆಗಿಲ್ಲವಲ್ಲ ಎಂದಿರಿ. ವಾರ್ಡಿನಲ್ಲಿ ಬೈಯುತ್ತಾರೆಂದು ಇಟ್ಟುಬಿಟ್ಟಿರಿ. ನಮ್ಮ ಮದುವೆ ನಿಶ್ಚಯವಾದ ದಿನದಿಂದಲೂ ನಾನು ಬರೆದದ್ದನ್ನು ಮಾತ್ರ ನೀವು ಕೊನೆಯವರೆಗೂ ಓದಿದ್ದೀರಿ. ನಮ್ಮಿಬ್ಬರಿಗೂ ಉರ್ದು ಆಡಲು ಬರುತ್ತದೆಯೇ ಹೊರತು ಬರೆಯಲು ಬಾರದು. ಆದ್ದರಿಂದ ಆಗಲೂ ಕನ್ನಡ, ಈಗಲೂ ಕನ್ನಡ. ರುಕ್ಸಾನಾ ಇದರ ಫೋಟೋ ತೆಗೆದು ನಿಮ್ಮ ಮೊಬೈಲಿಗೆ ಕಳಿಸುತ್ತಾಳೆ. ವರಾಂಡಕ್ಕೆ ಹೋಗಿ ಕುಳಿತು ಓದಿ.

ವಿಷಯ ಬಚ್ಚಲಮನೆಯ ಬಂಬದ್ದು. ನಾವು ಈ ಮನೆ ಕೊಂಡಾಗ, ಮಾರಿದ ವಕೀಲರ ಮಗ ಕಪಾಟು, ಕನ್ನಡಿ ಎಲ್ಲ ಒಯ್ದು ಇದೊಂದನ್ನು ಬಿಟ್ಟುಹೋದ. ಎದೆಯೆತ್ತರದ ತಾಮ್ರದ ಬಂಬ, ನಡುವೆ ಬೆಂಕಿಯ ಕೊಳವೆ, ಸುತ್ತ ನೀರು. ನೀವು ಮಗುವಿನಂತೆ ಹಿಗ್ಗಿದಿರಿ. ನಾನು ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಿ, ಕೊಳವೆಯ ಮಸಿ ಕೆರೆದು, ಬೂದಿ ತೆಗೆದು, ಅದನ್ನು ಕಣ್ಣಿಟ್ಟು ನೋಡುವಂಥದ್ದಾಗಿ ಮಾಡಿದೆ. ಹಳಬರು ಅದನ್ನು ಮಾಡಿದ ರೀತಿಯಲ್ಲಿ ಬುದ್ಧಿಯಿತ್ತು. ಮೇಲೆ ಆಲಿಕೆಯಂಥ ಬಾಯಿ, ಪಕ್ಕದಲ್ಲಿ ಸೊಂಡಿಲು. ಎರಡೂ ಸದಾ ತೆರೆದೇ ಇರುತ್ತಿದ್ದವು. ಒಂದು ಕೊಡ ತಣ್ಣೀರು ಸುರಿದರೆ ಒಂದು ಕೊಡ ಬಿಸಿನೀರು ಸೊಂಡಿಲಿನಿಂದ ತಾನೇ ಹೊರಗೆ ಬರುತ್ತಿತ್ತು. ಹಾಕಿದಷ್ಟೇ ತೆಗೆ, ತೆಗೆದಷ್ಟು ಹಾಕು. ಬಂಬ ಬರಿದಾಗುವ ಮಾತೇ ಇಲ್ಲ, ಉಗಿ ಒಳಗೆ ಸಿಕ್ಕಿಬೀಳುವ ಮಾತೂ ಇಲ್ಲ.

ಕೊಡ ಎತ್ತಿ ಎತ್ತಿ ಬಂದ ನನ್ನ ಮೊಣಕೈ ನೋವು ನೋಡಲಾರದೆ ನೀವು ನಳದ ಕೆಲಸದ ಮುಷರಫನನ್ನು ಕರೆಸಿದಿರಿ. ಅದು ನನ್ನ ಮೇಲಿನ ಮಮತೆಯಿಂದ ಎಂಬುದು ನನಗೆ ಗೊತ್ತು. ಅದಕ್ಕೇ ಅಂದು ಬಾಯಿ ತೆರೆಯಲಿಲ್ಲ. ಅವನು ಮೇಲಿನ ಬಾಯಿ ಮುಚ್ಚಿ ಮಾಳಿಗೆಯ ಟಾಕಿಯಿಂದ ಪೈಪು ಎಳೆದ. ಬಿಸಿನೀರು ಪ್ಲಾಸ್ಟಿಕ್ ಟಾಕಿಗೆ ಹಿಂದಿರುಗಬಾರದೆಂದು ನಡುವೆ ಒಂದು ವಾಲ್ವು ಕೂಡಿಸಿದ. ಸೊಂಡಿಲಿಗೆ ಹೊಳೆಯುವ ಪಿತ್ತಾಳೆಯ ನಳ ಬಿಗಿದ. ನೀವು ಓಣಿಯವರನ್ನೆಲ್ಲ ಕರೆದು, ಕರೆಂಟಿಲ್ಲದ ಗೀಜರ್ ನೋಡಿ ಎಂದು ತೋರಿಸಿದಿರಿ. ಈಗ ಕೇಳಿ. ನಳ ಬಂದ್ ಇರುವಾಗ ಒಳಗಿನ ಉಗಿ ಎಲ್ಲಿಗೆ ಹೋಗಬೇಕು? ಹಿಂದಕ್ಕೆ ವಾಲ್ವು, ಮುಂದಕ್ಕೆ ನಳ. ಕೆಳಗೆ ಬೆಂಕಿ.

ಎಂಟನೇ ತರಗತಿಯ ಮಕ್ಕಳಿಗೆ ನಾನು ವರ್ಷಗಟ್ಟಲೆ ಇದನ್ನೇ ಕಲಿಸಿದ್ದೇನೆ. ಪುಸ್ತಕ ಬೇಡವೆಂದರೆ ನಾವಿದ್ದ ಭೀಮರಾಯನಗುಡಿ ಕ್ಯಾಂಪಿನ ಸಾಯಬಮ್ಮನನ್ನು ನೆನೆಯಿರಿ. ಕ್ವಾರ್ಟರ್ಸಿನ ಕ್ಯಾಂಟೀನಿನಲ್ಲಿ ಚಹಾ ಆರಬಾರದೆಂದು ಹಾಲಿನ ಕ್ಯಾನಿನ ಮುಚ್ಚಳವನ್ನು ಬಡಿದು ಕೂಡಿಸಿ ಒಲೆಯ ಮೇಲೆ ಬಿಟ್ಟಿದ್ದಳು. ಮುಚ್ಚಳ ತಗಡಿನ ಸೂರು ಹರಿದುಕೊಂಡು ಹೋಯಿತು. ಸಾಯಬಮ್ಮನ ಒಲೆಯ ಬದಿಗಿದ್ದ ಕಿವಿಗೆ ಮತ್ತೆ ಏನೂ ಕೇಳಿಸಲಿಲ್ಲ. ಅದು ಚಹಾದ ಕ್ಯಾನು. ಇದು ಮನೆಮಂದಿಯೆಲ್ಲ ಮೀಯುವಷ್ಟು ನೀರು ಹಿಡಿಯುವ ಬಂಬ. ಶಹಾಪುರ ರಸ್ತೆಯ ಅಕ್ಕಿಗಿರಣಿಯ ಬಾಯ್ಲರಿಗೆ ಪರೀಕ್ಷೆ ಮಾಡುವವರು ಬರುತ್ತಾರೆ, ಪ್ರಮಾಣಪತ್ರ ಗೋಡೆಗೆ ತೂಗುತ್ತದೆ, ಉಗಿ ಹೆಚ್ಚಾದರೆ ತಾನೇ ತೆರೆದುಕೊಳ್ಳುವ ಬಿರಡೆ ಇರುತ್ತದೆ. ಕಾಂಪೌಂಡು ಗೋಡೆ ಎತ್ತರಿಸಲು ಪರವಾನಿಗೆ ಕೇಳುವ ಈ ದೇಶದಲ್ಲಿ, ಬಾಣಂತಿ ಮೀಯುವ ಬಚ್ಚಲಿನಲ್ಲಿ ಬಾಯಿ ಕಟ್ಟಿದ ಬಾಯ್ಲರ್ ಕೂಡಿಸಿದವನನ್ನು ಕೇಳುವವರೇ ಇಲ್ಲ. ಕೇಳಿದವಳಿಗೆ ಅಂಜುಬುರುಕಿ ಎಂಬ ಹೆಸರು.

ನಿನ್ನೆ ನಡೆದದ್ದು ಹೀಗೆ. ಬೆಳಗಿನ ನಮಾಜು ಮುಗಿಸಿ ನಿಮ್ಮ ಅಕ್ಕ ಮದೀನಾಬೀ ಆಪಾ ಎಂದಿನಂತೆ ಹತ್ತಿಕಟಗಿ ತುಂಬಿ ಬಂಬ ಹೊತ್ತಿಸಿದರು. ಬಾಣಂತಿಯ ಬೆನ್ನಿಗೆ ಬೀಳುವ ನೀರು ಮುಟ್ಟಿದವರ ಕೈ ಹಿಂದೆಗೆಯುವಷ್ಟು ಬಿಸಿ ಇರಬೇಕೆಂಬುದು ಅವರ ಕಾನೂನು. ಆದ್ದರಿಂದ ಮೇಲೆ ಜಾಲಿಕೊರಡನ್ನೂ ಒಟ್ಟಿದ್ದರು. ನಾನು ಮೀಯುವ ಮಣೆ ತೊಳೆದಿಡಲು ಬಚ್ಚಲಿಗೆ ಹೋದೆ. ಒಳಗೆ ಜೇನುಹುಳುಗಳ ಹಿಂಡು ಕೂತಂಥ ಸದ್ದು. ಮೊದಲು ಪಕ್ಕದ ಮನೆಯ ಮಿಕ್ಸರ್ ಎಂದುಕೊಂಡೆ. ಕರೆಂಟು ಇರಲಿಲ್ಲವೆಂಬುದು ಆಮೇಲೆ ಹೊಳೆಯಿತು. ಬಂಬದ ಮೇಲೆ ಕೈಯಿಡಲು ಹೋದೆ. ಮುಟ್ಟುವ ಮೊದಲೇ ಅದು ನಡುಗುತ್ತಿರುವುದು ಕಂಡಿತು. ಸೊಂಡಿಲಿನ ಬೆಸುಗೆಯಲ್ಲಿ ನೀರಿನ ಹನಿ ಕಾಣಿಸಿಕೊಂಡು, ನಾನು ನೋಡುತ್ತಿದ್ದಂತೆಯೇ ಚುಂಯ್ ಎಂದು ಆರಿಹೋಯಿತು. ನಳದ ಹಿಡಿಕೆಯ ಸಂದಿಯಿಂದ ಬೆಳ್ಳಗಿನ ಎಳೆಯೊಂದು ಸಿಳ್ಳು ಹಾಕುತ್ತಿತ್ತು. ನಳ ತಿರುವಿಬಿಡೋಣವೆಂದು ಕೈ ಚಾಚಿದೆ, ಮುಖದ ಮೇಲೆ ಬಂದರೆ ಎಂದು ಹಿಂತೆಗೆದೆ. ಇಕ್ಕಳದಿಂದ ಉರಿಯುವ ಕಟಗಿಗಳನ್ನೆಲ್ಲ ಹೊರಗೆಳೆದು ಕಲ್ಲಿನ ಮೇಲೆ ಚೆಲ್ಲಿ ನೀರು ಹಾಕಿದೆ. ಬೆಂಕಿ ಹೋಯಿತು, ಸದ್ದು ಹೋಗಲಿಲ್ಲ. ಇಕ್ಕಳವನ್ನು ಅಲ್ಲೇ ಎಸೆದೆ. ಬಚ್ಚಲಿನ ಗೋಡೆಯ ಆಚೆಯೇ ರುಕ್ಸಾನಾಳ ಮಂಚ. ಆ ಗೋಡೆಗೆ ತಲೆಯಿಟ್ಟು ಕೂಸು ಮಲಗುತ್ತದೆ.

ಹೇಗೆ ಓಡಿದೆನೋ ಗೊತ್ತಿಲ್ಲ. ಕೂಸನ್ನು ಎತ್ತಿಕೊಂಡು, ರುಕ್ಸಾನಾಳ ರಟ್ಟೆ ಹಿಡಿದು ಹೊರಟೆ. ತಲೆಬಾಗಿಲಿಗೆ ಆಪಾ ಅಡ್ಡ ನಿಂತರು. ಸಿಟ್ಟು ಬಂದಾಗ ಅವರು ಮನೆಮಾತಾದ ಉರ್ದು ಬಿಟ್ಟು ಬೋನಾಳ ಹಳ್ಳಿಯ ಕನ್ನಡಕ್ಕೆ ಇಳಿಯುವುದು ನಿಮಗೆ ಗೊತ್ತೇ ಇದೆ.

"ಚಿಲ್ಲಾ ಮುಗಿಯೂತನಾ ಬಾಣಂತಿ ಹೊಸ್ತಿಲಾ ದಾಟಂಗಿಲ್ಲ. ಗಾಳಿ ಸೋಕಿದ್ರ ಯಾರ್ ಜವಾಬ?" ಎಂದರು.

"ಗಾಳಿ ಸೋಕಿದ್ರ ಔಷಧ ಅದ ಆಪಾ. ದಾರಿ ಬಿಡ್ರಿ," ಎಂದೆ.

ಬಿಡಲಿಲ್ಲ. ಇಷ್ಟು ವರ್ಷದಲ್ಲಿ ಅವರ ಎದುರು ದನಿಯೆತ್ತದ ನಾನು ನಿನ್ನೆ ಅವರ ಭುಜ ಹಿಡಿದು ಪಕ್ಕಕ್ಕೆ ಸರಿಸಿದೆ. ಒಬ್ಬರೇ ಅಲ್ಲಿ ನಿಲ್ಲಬಾರದೆಂದು ಅವರ ಕೈಯನ್ನೂ ಹಿಡಿದೆಳೆದೆ. ಚಿಲ್ಲಾದ ನಲವತ್ತು ದಿನ ಮನೆಯೊಳಗೇ ಇರಬೇಕಾದ ಹಸಿ ಬಾಣಂತಿ, ಬರಿಗಾಲಲ್ಲಿ, ಓಣಿಯ ಗಂಡಸರೆಲ್ಲ ನೋಡುತ್ತಿರುವಾಗ ರಸ್ತೆ ದಾಟಿದಳು. ಎದುರುಮನೆಯ ಗೊಲ್ಲಾಳಮ್ಮ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಬರ್ರಿ ಅಕ್ಕೋರ, ಬಾಣಂತಿಗೆ ಮನಿ ಯಾವುದಾದ್ರೇನು, ಬೆಚ್ಚಗಿದ್ರ ಸಾಕು," ಎಂದು ತನ್ನ ಹಾಸಿಗೆ ಬಿಟ್ಟುಕೊಟ್ಟಳು. ಅವಳ ಪಡಸಾಲೆಯಲ್ಲಿ ಕುಳಿತು ನಮ್ಮ ಮನೆಯ ಗೋಡೆಯನ್ನೇ ನೋಡುತ್ತಿದ್ದೆ. ಈಗ, ಈಗ ಎಂದು ಕಾದೆ. ಏನೂ ಆಗಲಿಲ್ಲ. ಬಂಬ ತಣ್ಣಗಾಯಿತು.

ಏನೂ ಆಗಲಿಲ್ಲವೆಂಬುದೇ ಈಗ ನನ್ನ ಅಪರಾಧ. ಸಿಡಿದಿದ್ದರೆ ಶಾಣ್ಯಾಕಿ, ಜಾಣೆ ಎನ್ನುತ್ತಿದ್ದರು. ಆಪಾ ಬಂದವರಿಗೆಲ್ಲ, "ಹುಡುಗರಿಗೆ ಸಾಲಿ ಕಲಿಸಿದಾಕಿ ತಾಮ್ರದ ಕೊಡಕ್ಕ ಅಂಜಿ ಓಡಿದ್ಲು ನೋಡ್ರಿ ನಮ್ಮ ದುಲ್ಹನ್," ಎಂದು ಹೇಳುತ್ತಿದ್ದಾರೆ. ಈ ನರೆತ ತಲೆಗೂ ನಾನು ಅವರಿಗೆ ದುಲ್ಹನ್ನೇ, ಹೊಸ ಮದುವಣಗಿತ್ತಿಯೇ. ಮುಷರಫನಿಗೆ ಫೋನ್ ಮಾಡಿ ನಳ ಬಿಚ್ಚಿಕೊಂಡು ಹೋಗೆಂದೆ. "ಸಾಹೇಬ್ರು ಹೇಳ್ಲಿ, ಬಿಚ್ಚತೀನಿ. ತಾಮ್ರ ಗಟ್ಟಿ ಅದರಿ ಅಕ್ಕೋರ. ನೀವ್ ಅಂಜ್ತೀರಿ, ಬಂಬ ಅಂಜಂಗಿಲ್ಲ," ಎಂದು ನಕ್ಕ. ಸೋಮವಾರ ಬಂದು ಸೋರುವ ಜಾಗವನ್ನು ಇನ್ನೂ ಬಿಗಿ ಮಾಡುತ್ತಾನಂತೆ. ಇನ್ನೂ ಬಿಗಿ! ಅವನು ಹೋದಮೇಲೆ ಆಪಾ ಬಂಬ ಹೊತ್ತಿಸುವುದು ನಿಶ್ಚಯ. ಗ್ಯಾಸಿನ ಮೇಲೆ ಪಾತೆಲೆಯಲ್ಲಿ ನಾನು ಕಾಯಿಸುವ ನೀರು ಅವರ ಲೆಕ್ಕದಲ್ಲಿ ಬಾಣಂತಿಯ ನೀರಲ್ಲ, ಮುಖ ತೊಳೆಯುವ ನೀರು.

ನಾನು ಧೈರ್ಯದವಳೆಂದು ನೀವು ಹೇಳುತ್ತಿದ್ದಿರಿ. ನಿನ್ನೆಯಿಂದ ಕುಕ್ಕರಿನ ಸೀಟಿಗೂ ಮೈ ಬೆವರುತ್ತದೆ. ಕೂಸು ಮಲಗಿದ ಕೋಣೆಗೆ ಹೋಗಿ ಗೋಡೆಗೆ ಕಿವಿಯಿಡುತ್ತೇನೆ. ಶಹಾಪುರದ ಬೀಗರು ಸೊಸೆಯನ್ನೂ ಮೊಮ್ಮಗಳನ್ನೂ ನಂಬಿ ನಮ್ಮಲ್ಲಿ ಬಿಟ್ಟಿದ್ದಾರೆ. ಇಂದು ಬೆಳಿಗ್ಗೆ ಸೊಂಡಿಲಿನ ಬುಡಕ್ಕೆ ಬ್ಯಾಟರಿ ಹಿಡಿದು ನೋಡಿದೆ. ಬೆಸುಗೆಯ ಉದ್ದಕ್ಕೂ ಕೂದಲೆಳೆಯಂಥ ಗೆರೆ ಬಿದ್ದಿದೆ, ಅದರ ಅಂಚಿಗೆ ನಮ್ಮ ಬೋರಿನ ಸವಳುನೀರಿನ ಬಿಳಿಯ ಸುಣ್ಣ ಕಟ್ಟಿದೆ. ಕೂಡಿಸಿ ಇನ್ನೂ ಎರಡು ತಿಂಗಳಾಗಿಲ್ಲ. ಬಂಬವನ್ನು ಎಸೆಯೆಂದು ನಾನು ಹೇಳುತ್ತಿಲ್ಲ. ಅದರ ಬಾಯಿ ಬಿಚ್ಚಲಿ, ಹಳಬರು ಮಾಡಿದಂತೆಯೇ ಇರಲಿ, ಕೊಡ ನಾನು ಎತ್ತುತ್ತೇನೆ. ನೀವು ಮುಷರಫನಿಗೆ ಒಂದು ಮಾತು ಹೇಳಿ, ಆಪಾಗೆ ಒಂದು ಮಾತು ಹೇಳಿ. ನಿಮ್ಮ ಅಪ್ಪಣೆಗೆ ಕಾದು ಕುಳಿತಿದ್ದೇನೆ.

ಜಾಹೀದ ಭಾಯಿಗೆ ನನ್ನ ಸಲಾಮ್ ತಿಳಿಸಿ. ಈ ಬಂಬದ ಕಥೆ ಅವರ ಎದೆಗೆ ಬೇಡ. ಅಲ್ಲಾಹ್ ಇಬ್ಬರನ್ನೂ ಬೇಗ ಮನೆ ಮುಟ್ಟಿಸಲಿ. ಮೊಮ್ಮಗಳು ನಿಮ್ಮ ಕಡೆಗೆ ಹುಬ್ಬು ಗಂಟಿಕ್ಕಿದ್ದಾಳೆಂದೇ ತಿಳಿಯಿರಿ.

ನಿಮ್ಮ
ನುಜ್ಹತ

ತಾ.ಕ.: ಫೋಟೋ ತೆಗೆಯಲು ರುಕ್ಸಾನಾ ಕಾಗದ ಕೈಗೆತ್ತಿಕೊಂಡು ಪೂರ್ತಿ ಓದಿದಳು. ಏನೂ ಆಗಲಿಲ್ಲ ಎಂದು ಬರೆದಲ್ಲಿ ಬೆರಳಿಟ್ಟು, ಅಮ್ಮೀ ಇದು ಸುಳ್ಳು ಎಂದಳು. ಶಾಲಿನೊಳಗಿನ ತೋಳು ಮೇಲೆ ಮಾಡಿ ತೋರಿಸಿದಳು. ಮುಂಗೈಯಿಂದ ಮೊಣಕೈವರೆಗೆ ಬೊಬ್ಬೆ ಒಡೆದು ಚರ್ಮ ಸುಲಿದಿದೆ. ನೀವು ಹೊರಟ ಮರುದಿನವೇ ನಳ ತಿರುವಿದಾಗ ನೀರಿನ ಬದಲು ಉಗಿ ನುಗ್ಗಿತಂತೆ. ಕೂಸು ಆಗ ಅವಳ ಇನ್ನೊಂದು ತೋಳಿನಲ್ಲಿತ್ತು. ಆಪಾ ಅರಿಸಿನ ಹಚ್ಚಿ, ಹೈದರಾಬಾದಿನಲ್ಲಿರುವವರಿಗೆ ಚಿಂತೆ ಹಚ್ಚಬಾರದು, ಅಮ್ಮನಿಗೂ ಹೇಳಬೇಡ ಎಂದಿದ್ದರಂತೆ. ನಾನು ಅಪ್ಪಣೆಗೆ ಕಾಯಲಿಲ್ಲ. ನಟ್ಟು ತಿರುವುವ ನಿಮ್ಮ ಪಾನಾ ಹುಡುಕಿ ಬಚ್ಚಲಿಗೆ ಹೋದೆ. ಆಪಾ ಹಿಂದೆಯೇ ಬಂದರು. ತಡೆಯುತ್ತಾರೆಂದುಕೊಂಡೆ, ಆದರೆ ಬಂಬ ಅಲುಗದಂತೆ ಎರಡೂ ಕೈಯಿಂದ ಅಪ್ಪಿ ಹಿಡಿದು ನಿಂತರು. ನಳ ಬಿಚ್ಚಿದೆ, ಮೇಲಿನ ಪೈಪನ್ನೂ ಕೊಯ್ದು ಹಾಕಿದೆ. ಈಗ ರುಕ್ಸಾನಾಳನ್ನು ಆಟೋದಲ್ಲಿ ದವಾಖಾನೆಗೆ ಕರೆದುಕೊಂಡು ಹೊರಟಿದ್ದೇವೆ, ಆಪಾನೂ ಬರುತ್ತಿದ್ದಾರೆ. ಫೋನ್ ಮಾಡುವುದಾದರೆ ಮೊದಲು ಮಗಳೊಡನೆ ಮಾತಾಡಿ. ನನ್ನೊಡನೆ ಜಗಳ ಆಮೇಲೆ.