ಟ್ರಂಪೆಟ್ ಭಾವ ಮತ್ತು ಮೂರು ಚೆಂಡು

ಮಾರ್ಚ್ 3, ಬೆಳಿಗ್ಗೆ 8
ನಗೆ ಅಂಕಣ ಅರ್ಧ ಬರೆದೆ. ಪಕ್ಕದ ಕೋಣೆಯಲ್ಲಿ ಅಕ್ಕನ ಗಂಡ ಐದು ದಿನದ ಜ್ವರದೊಂದಿಗೆ ಕೆಮ್ಮುತ್ತಿದ್ದಾರೆ. ಬ್ಯಾಂಡಿನಲ್ಲಿ ಮೂವತ್ತು ವರ್ಷ ಟ್ರಂಪೆಟ್ ಊದಿದ ಎದೆ. "ಈ ಎದೆಗೆ ಡಾಕ್ಟರಾ? ಹೋಗಯ್ಯಾ!" ಅಷ್ಟು ಹೇಳಲು ಮೂರು ಸಲ ಉಸಿರು ಬೇಕಾಯಿತು. ತುಟಿ ನೀಲಿ. ಅಂಕಣ ಅಲ್ಲೇ ಬಿಟ್ಟೆ...

ಸಂಜೆ
ಬೈದರೂ ಬಿಡದೆ ಆಸ್ಪತ್ರೆಗೆ ಎಳೆತಂದೆ. ತೀವ್ರ ನ್ಯುಮೋನಿಯಾ. ಎರಡೂ ಕಡೆ. ಎಕ್ಸ್-ರೇಯಲ್ಲಿ ಕಪ್ಪಗಿರಬೇಕಾದ ಶ್ವಾಸಕೋಶ ಸುಣ್ಣ ಬಳಿದ ಗೋಡೆ. ಗಾಳಿ ಇರಬೇಕಾದಲ್ಲಿ ಕೀವು, ನೀರು ಎಂದರು ಡಾಕ್ಟರಮ್ಮ. ಆಕ್ಸಿಜನ್ ಎಂಬತ್ತೆರಡು. ಐಸಿಯು. ಗಂಟಲಿಗೆ ಟ್ಯೂಬು. ಇನ್ನು ವೆಂಟಿಲೇಟರ್ ಊದುತ್ತದೆ, ಭಾವ ಕೇಳಬೇಕು.

ಮಾರ್ಚ್ 11
ಇಷ್ಟು ದಿನ ಬರೆಯಲು ಕೈ ಏಳಲಿಲ್ಲ. ಇವತ್ತು ಎದ್ದಿದೆ! ಕಫದ ಪರೀಕ್ಷೆಯಲ್ಲಿ ಕಳ್ಳ ರೋಗಾಣು ಸಿಕ್ಕಿಬಿದ್ದು, ಡ್ರಿಪ್ಪಿನ ಆ್ಯಂಟಿಬಯಾಟಿಕ್ ಬದಲಾಗಿ, ಜ್ವರ ಇಳಿದು — ಟ್ಯೂಬು ತೆಗೆದರು! ಭಾವನ ಮೊದಲ ಪಿಸುಮಾತು: "ಆ ಮೆಷೀನಿಗೆ ತಾಳಜ್ಞಾನವೇ ಇಲ್ಲ."
ಡಾಕ್ಟರಮ್ಮ ನಗಲಿಲ್ಲ. "ಆಳವಾಗಿ ಉಸಿರಾಡಿ ಕಫ ಕೆಮ್ಮಿ ತೆಗೀಬೇಕು. ಇಲ್ಲಾಂದ್ರೆ ಮತ್ತೆ ಟ್ಯೂಬು ಹಾಕಬೇಕಾಗಬಹುದು." ಉಸಿರಿನ ವ್ಯಾಯಾಮಕ್ಕೆ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಬಂತು, ಬಾಯಿಗಿಡಲು ಕೊಳವೆ ಸಮೇತ; ಉಸಿರಿನ ಬಲಕ್ಕೆ ಚೆಂಡು ಮೇಲೇರಬೇಕು. ನರ್ಸ್ ಹೇಳಿಕೊಡಲು ಬಾಯಿ ತೆರೆದರೆ ಭಾವ ಕೈ ಅಡ್ಡ ಹಿಡಿದರು. ಕೊಳವೆಯ ವಿಷಯ ಅವರಿಗೆ ಕಲಿಸುವುದುಂಟೇ?

ಮಾರ್ಚ್ 12, ಬೆಳಿಗ್ಗೆ
ಚೆಂಡು ಅಲುಗುತ್ತಿಲ್ಲ. ಒಂದೂ ಇಲ್ಲ. ಭಾವ ಬೆವರಿ ಒದ್ದೆ. ಆಕ್ಸಿಜನ್ ಇಳಿಯುತ್ತಿದೆ. ಅಕ್ಕ ಕಾರಿಡಾರಿನಲ್ಲಿ, ಗೋಡೆಗೆ ಮುಖ ಮಾಡಿ...

ಮಧ್ಯಾಹ್ನ
ಅಯ್ಯಯ್ಯೋ! ಉಸಿರಿನ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿ ಹುಡುಗಿ ಬಂದಳು. ನೋಡಿದಳು. ಸೊಂಟಕ್ಕೆ ಕೈಯಿಟ್ಟಳು.
"ಅಂಕಲ್, ಊದ್ತಾ ಇದ್ದೀರಾ? ಇದನ್ನ ಒಳಗೆ ಎಳೀಬೇಕು!"
"ಬಾಯಿಗಿಟ್ಟಿದ್ದನ್ನ ಊದದೆ ಇನ್ನೇನು ಮಾಡೋದಮ್ಮಾ?"
ಹತ್ತು ದಿನದಲ್ಲಿ ಮೊದಲ ಸಲ ಅಕ್ಕ ಬೈದಳು: "ಮೂವತ್ತು ವರ್ಷ ಊದಿದ್ದು ಸಾಕು, ಈಗ ಒಂದ್ಸಲ ಎಳ್ಕೊಳ್ರೀ!"
ಎಳೆದರು. ಮೊದಲ ಚೆಂಡು ಜಿಗಿಯಿತು! ಹಿಂದೆಯೇ ಕೆಮ್ಮು, ಕೆಮ್ಮಿನ ಹಿಂದೆ ಕಫ. ಕಫ ಕಂಡು ಇಷ್ಟು ಸಂಭ್ರಮಪಟ್ಟ ಕುಟುಂಬ ಇನ್ನೊಂದಿರಲಾರದು.

ಮಾರ್ಚ್ 15, ಬೆಳಿಗ್ಗೆ 10
ಮಂಚದ ಪಕ್ಕವೇ ಕೂತು ಬರೆಯುತ್ತಿದ್ದೇನೆ. ಮೂಗಿನ ಆಕ್ಸಿಜನ್ ನಳಿಕೆ ಈಗಷ್ಟೇ ತೆಗೆದರು, ಪರೀಕ್ಷೆಗೆ. ಬೆರಳಿನ ಕ್ಲಿಪ್ಪಿನಲ್ಲಿ ತೊಂಬತ್ತೆರಡು... ತೊಂಬತ್ತಮೂರು. ನಿಂತಿದೆ! ಅಕ್ಕ ಉಸಿರು ಬಿಗಿಹಿಡಿದಿದ್ದಾಳೆ, ಕ್ಲಿಪ್ಪು ಅವಳಿಗೇ ಹಾಕಬೇಕಾದೀತು. ಭಾವ ಡಬ್ಬಿ ಎತ್ತಿಕೊಂಡರು. ಒಂದು. ಎರಡು. ಮೂರನೆಯದು ಅಲುಗಿತು! ಏರ್ತಾ ಇದೆ, ಇನ್ನೊಂಚೂರು ಭಾವಾ, ಎಳೀರಿ, ಎಳೀ—